ಒಂಬತ್ತನೇ ಕೈ

ಹತ್ತು ಅಂಕಕ್ಕಾಗಿಯೇ ಹೆಸರು ಕೊಟ್ಟಿದ್ದೆ, ಸುಳ್ಳೇಕೆ.
ಬೀದರಿನಿಂದ ಔರಾದ ರಸ್ತೆ ಹಿಡಿದು ಹೊರಟ
ಕಾಲೇಜಿನ ಹಳೇ ಬಸ್ಸಿನಲ್ಲಿ
ನಲವತ್ತು ಜನ, ನಲವತ್ತು ಹೊಸ ಟೋಪಿ,
ಸಲಿಕೆ, ಬುಟ್ಟಿ, ಯಾರದೋ ಡೋಲಕ್ಕು,
ಅಷ್ಟಗಿ ಸರ್ ಕೈಯಲ್ಲಿ ಏಳು ದಿನದ ಪಟ್ಟಿ:
ಯಾರು ಅಡುಗೆ, ಯಾರು ಸರ್ವೆ,
ಯಾರು ಬಾವಿ.

ನನಗೆ ಬಾವಿ ಬಂತು.

ಊರ ನಡುವೆ ಕೆಂಗಲ್ಲಿನ ಬಾವಿ.
ನಳ ಬಂದ ಮೇಲೆ ಯಾರೂ ಇಣುಕದ್ದು.
ಮೆಟ್ಟಿಲ ಮೇಲೆ ಜಾಲಿ, ಪಾರಿವಾಳದ ಹಿಕ್ಕೆ,
ತಳದಲ್ಲಿ ಕಪ್ಪು ರಾಡಿ.
ಬೇಸಿಗೆಯಲ್ಲಿ ನಳ ಕೈಕೊಟ್ಟಾಗ ಮಾತ್ರ
ಅದರ ನೆನಪಾಗುತ್ತದಂತೆ ಎಲ್ಲರಿಗೂ.

ಸರ್ ಮೇಲಿನಿಂದ ಎಣಿಸುತ್ತ ನಿಲ್ಲಿಸಿದರು.
ಒಂದು, ನುಸ್ರತ್. ಎರಡು, ಶಾಂತಕುಮಾರ.
ಎಂಟು, ನಾನು.
ಒಂಬತ್ತು, ತಳದಲ್ಲಿ, ಮೊಣಕಾಲುದ್ದ ರಾಡಿಯಲ್ಲಿ,
ರತ್ನದೀಪ.

ಅವನು ತುಂಬಿ ಎತ್ತುತ್ತಾನೆ, ನಾನು ಹಿಡಿಯುತ್ತೇನೆ,
ತಿರುಗಿ ಏಳಕ್ಕೆ ಕೊಡುತ್ತೇನೆ.
ಖಾಲಿ ಬುಟ್ಟಿ ಬರುತ್ತದೆ. ಮತ್ತೆ ತಿರುಗುತ್ತೇನೆ.
ಮೊದಲ ದಿನ ಇನ್ನೂರರ ತನಕ ಲೆಕ್ಕವಿಟ್ಟೆ,
ಆಮೇಲೆ ಸೊಂಟವೇ ಲೆಕ್ಕ ಇಟ್ಟಿತು.

ರಾಡಿಯಲ್ಲಿ ಏನೇನೋ ಬಂತು:
ಸೈಕಲ್ ಗಂಟೆ, ಒಂದೇ ಕಾಲಿನ ಚಪ್ಪಲಿ,
ಕ್ರಿಕೆಟ್ ಚೆಂಡು ಹನ್ನೊಂದು,
ಕಂಠ ನೆಗ್ಗಿದ ತಾಮ್ರದ ತಂಬಿಗೆ.
ಚಂದಮ್ಮಾಯಿ ಅದನ್ನು ಸೆರಗಿನಲ್ಲಿ ಒರೆಸಿ
'ಇದನ್ನ ಮಾರಕೊಂಡೀನಂತ
ನಮ್ಮತ್ತಿ ನನಗ ಹೊಡದಿದ್ಳು ನೋಡವ್ವ' ಎಂದು
ನಕ್ಕಳು, ಮೂವತ್ತು ವರ್ಷ ತಡವಾಗಿ
ನಿರಪರಾಧಿ.

ಮೂರನೇ ರಾತ್ರಿ ಊಟ ಬಸವಂತರಾಯರ ಅಂಗಳದಲ್ಲಿ.
ಬಾವಿಯ ಸಾಲಿನಲ್ಲೇ ಕೂತಿದ್ದೆವು.
ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ.
ಅವರು ಕೆಟ್ಟವರಲ್ಲ. ತಾವೇ ನಿಂತು ಬಡಿಸಿದರು,
'ಇನ್ನೊಂದು ಹಾಕ್ಕೋರಿ, ದಣದೀರಿ' ಎಂದರು,
ತುಪ್ಪದ ಚಮಚ ಹಿಡಿದು ನಮ್ಮ ತುದಿಗೆ ಬಂದು
'ನೀವು ಯಾರ ಪೈಕಿ?' ಎಂದರು.

ನಾನು ಥಟ್ಟನೆ ಹೇಳಿಬಿಟ್ಟೆ.
ಅಪ್ಪನ ಅಡ್ಡಹೆಸರು, ಅಜ್ಜನ ಊರು, ಮಠದ ಹೆಸರು ಕೂಡ.
ತುಪ್ಪ ಬಿತ್ತು.
ಹೇಳಿದ ಮೇಲೆ ಎಡಕ್ಕೆ ಕೂತವನ ನೆನಪಾಯಿತು.

ರತ್ನದೀಪ ತುತ್ತು ನುಂಗಿದ.
'ನಾ ಒಂಬತ್ತನೇ ಕೈರಿ.'
'ಅಂದ್ರ?'
'ಬಾವ್ಯಾಗ. ನನ್ನ ಕೆಳಗ ಯಾರೂ ಇಲ್ರಿ,
ರಾಡಿ ಅಷ್ಟೇ.'
ನುಸ್ರತ್ ಫಕ್ಕನೆ ನಕ್ಕು 'ನಾ ಒಂದನೇ ಕೈ, ಚಾಚಾ' ಎಂದಳು.
ಎರಡು, ಮೂರು, ನಾಲ್ಕು ಎಂದು ಸಾಲು ಶುರುವಾಗಿ
ಎಂಟಕ್ಕೆ ಬಂದು ನಿಂತಿತು.
ನನ್ನ ತಟ್ಟೆಯಲ್ಲಿ ತುಪ್ಪ ಹೆಪ್ಪುಗಟ್ಟುತ್ತಿತ್ತು.

ಚಮಚ ಗಾಳಿಯಲ್ಲೇ ಇತ್ತು ಸ್ವಲ್ಪ ಹೊತ್ತು.
ಆಮೇಲೆ ಅವನ ರೊಟ್ಟಿಗೂ ಸುರಿದರು,
ತುಸು ಎತ್ತರದಿಂದ.

ಐದನೇ ದಿನ ಇಳಿಹೊತ್ತು
ಕಲ್ಲಿನ ಸಂದಿಯಲ್ಲಿ ಸದ್ದಿಲ್ಲದೆ ಒರತೆ.
'ಏಯ್' ಎಂದನಷ್ಟೇ ಅವನು.
ಬೊಗಸೆ ತುಂಬಲು ಬಹಳ ಹೊತ್ತು ಹಿಡಿಯಿತು.
ಕುಡಿದ. ಇನ್ನೊಂದು ಬೊಗಸೆ
ನನ್ನತ್ತ ಎತ್ತಿದ.
ಮಣ್ಣಿನ ರುಚಿ. ಹಲ್ಲು ಜುಮ್ಮೆನ್ನುವ ತಂಪು.

ಮೇಲೆ ಕಾಯಿ, ಊದುಬತ್ತಿ ತಯಾರಾಗುತ್ತಿದ್ದವು.
'ಪೂಜಿ ಆಗೋತನಕ ಯಾರೂ ನೀರು ಮುಟ್ಟಬ್ಯಾಡ್ರಿ'
ಯಾರೋ ಕೂಗುತ್ತಿದ್ದರು.
ನಾನು ಗದ್ದ ಒರೆಸಿಕೊಂಡೆ. ಏನೂ ಹೇಳಲಿಲ್ಲ.
ಅದು ಧೈರ್ಯವೋ ಅಂಜಿಕೆಯೋ
ಇವತ್ತಿಗೂ ಗೊತ್ತಿಲ್ಲ.

ಸರ್ಟಿಫಿಕೇಟು ಬಂದಿದೆ, ಹೆಸರಿನ ಒತ್ತಕ್ಷರ ತಪ್ಪಿದೆ.
ಹತ್ತು ಅಂಕವೂ ಬಂದವು.

ಹೊರಟ ದಿನ ಬಾವಿಯ ಸುತ್ತ ಕೊಡಗಳಿದ್ದವು,
ಸ್ಟೀಲು, ಪ್ಲಾಸ್ಟಿಕ್ಕು, ಒಂದಕ್ಕೊಂದು ಬಡಿಯುತ್ತ.
ಒಂದಿಷ್ಟು ಕೊಡ ಆಚೆ, ಬೇವಿನ ಗಿಡದ ಬುಡದಲ್ಲಿ.
ಬಸ್ಸು ತಿರುಗಿತು. ಅವು ಮುಂದೆ ಬಂದವೋ ಇಲ್ಲವೋ
ಕಾಣಲಿಲ್ಲ.
ಒಂಬತ್ತನೇ ಕೈ ಕಿಟಕಿಗೆ ಒರಗಿ ನಿದ್ದೆಹೋಗಿತ್ತು,
ಉಗುರಿನಲ್ಲಿ ಇನ್ನೂ ರಾಡಿ.
ಎಂಟನೆಯದು
ನನ್ನ ಮಡಿಲಲ್ಲಿ ಎಚ್ಚರವಾಗಿತ್ತು.